ಉಗುರು ಕೆಟ್ಟ ಕೈ ನಿಮ್ಮ ಮೇಜಿಗೆ ಬಂದಾಗ

ಪಾರ್ಲರ್ ಇಟ್ಟುಕೊಂಡ ಹುಡುಗಿಯರಿಗೆ ಇದೊಂದಿಷ್ಟು ಕಿವಿಮಾತು. ಮದುವೆ ಸೀಸನ್ ಬಂತೆಂದರೆ ನಿಮಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ, ಗೊತ್ತು. ಹುಬ್ಬು ತೀಡಿಸುವವರು ಒಂದು ಕಡೆ, ಫೇಶಿಯಲ್‌ಗೆ ಮಲಗಿದವರು ಇನ್ನೊಂದು ಕಡೆ. ಅದರ ನಡುವೆ ಯಾರೋ ಒಬ್ಬರು ಕೈಯನ್ನು ಸೆರಗಿನ ಮರೆಯಲ್ಲಿಟ್ಟುಕೊಂಡೇ "ಮೆನಿಕ್ಯೂರ್ ಮಾಡ್ತೀರಾ?" ಎಂದು ಮೆಲ್ಲಗೆ ಕೇಳುತ್ತಾರೆ. ಕೈ ಹೊರಗೆ ಬಂದಾಗ ನೋಡಿದರೆ ಉಗುರು ಹಳದಿ ತಿರುಗಿದೆ, ತುದಿ ಮೇಲೆದ್ದಿದೆ, ಕೆಳಗೆ ಬಿಳಿ ಪುಡಿ ತುಂಬಿದೆ. ನಿಮ್ಮ ಮನಸ್ಸು ಒಳ್ಳೆಯದೇ. ಚೆನ್ನಾಗಿ ಕೆರೆದು, ಉಜ್ಜಿ, ಹೊಳಪು ಕೊಟ್ಟು ಕಳಿಸೋಣ ಅನ್ನಿಸುತ್ತದೆ. ಅಲ್ಲೇ ಒಂದು ನಿಮಿಷ ನಿಲ್ಲಿ. ಇಂಥ ಉಗುರು ಬಹಳ ಸಲ ಚರ್ಮದ ಕಾಯಿಲೆಯಿಂದ ಆದದ್ದು. ಅದಕ್ಕೆ ಕೈ ಎಷ್ಟು ಕಡಿಮೆ ಹಚ್ಚುತ್ತೀರೋ ಕೆಲಸ ಅಷ್ಟು ಚೆನ್ನಾಗಿ ಆದಂತೆ.

ಮೊದಲು ಕೈ ನೋಡುವ ವಿಷಯ ಹೇಳುತ್ತೇನೆ. ಅರ್ಧ ಕೆಡುವುದು ಅಲ್ಲೇ.

• ಹಳೆಯ ನೇಲ್ ಪಾಲಿಶ್ ಪೂರ್ತಿ ಒರೆಸಿ, ಕಿಟಕಿಯ ಹತ್ತಿರ ಕೂರಿಸಿಕೊಂಡು ಹಗಲು ಬೆಳಕಿನಲ್ಲಿ ಉಗುರು ನೋಡಿ. ಟ್ಯೂಬ್‌ಲೈಟಿನ ಕೆಳಗೆ ಹಳದಿ ಯಾವುದು, ಹಸಿರು ಯಾವುದು ಸರಿಯಾಗಿ ತಿಳಿಯುವುದಿಲ್ಲ.

• ಹತ್ತು ಬೆರಳನ್ನೂ ನೋಡಿ. ಕೆಟ್ಟ ಬೆರಳೊಂದನ್ನೇ ಹಿಡಿದುಕೊಂಡು ನೋಡುತ್ತಾ ಕೂತರೆ ಅವರಿಗೆ ಮುಜುಗರ, ನಿಮಗೂ ಪೂರ್ತಿ ವಿಷಯ ಗೊತ್ತಾಗುವುದಿಲ್ಲ.

• ಮುಖ ಸಿಂಡರಿಸಬೇಡಿ. "ಅಯ್ಯೋ, ಏನಿದು?" ಎನ್ನುವ ಮಾತು ಬಾಯಿಗೆ ಬಂದರೆ ನುಂಗಿಕೊಳ್ಳಿ. ಅವರು ಈ ಮಾತನ್ನು ಅರಿಶಿನ ಕುಂಕುಮಕ್ಕೆ ಹೋದಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ಚಿಲ್ಲರೆ ತೆಗೆದುಕೊಳ್ಳುವಾಗಲೂ ಕೇಳಿರುತ್ತಾರೆ. ದುಡ್ಡು ಕೊಟ್ಟು ನಿಮ್ಮಲ್ಲಿಗೆ ಬಂದೂ ಅದನ್ನೇ ಕೇಳುವ ಹಾಗಾಗಬಾರದು.

• ಯಾರೇ ಬಂದರೂ ನೀವು ಗ್ಲೌಸ್ ಹಾಕಿಕೊಂಡೇ ಕೂರಿ. ಇವರೊಬ್ಬರ ಕೈ ನೋಡಿದ ಮೇಲೆ ಎದ್ದು ಹೋಗಿ ಗ್ಲೌಸ್ ಹಾಕಿಕೊಂಡು ಬಂದರೆ, ಬಾಯಿಬಿಟ್ಟು ಹೇಳದಿದ್ದರೂ ಹೇಳಿದ ಹಾಗೇ. ರಬ್ಬರ್‌ನ ಬಿಳಿ ಗ್ಲೌಸಿಗಿಂತ ನೈಟ್ರೈಲ್ ಗ್ಲೌಸ್ ಒಳ್ಳೆಯದು. ಕೆಲವರಿಗೆ ಲೇಟೆಕ್ಸ್ ಮುಟ್ಟಿದರೇ ತುರಿಕೆ ಏಳುತ್ತದೆ.

• ಕೇಳಬೇಕಾದ್ದನ್ನು ಮೆಲ್ಲಗೆ ಕೇಳಿ, ಪಕ್ಕದ ಕುರ್ಚಿಗೆ ಕೇಳಿಸದ ಹಾಗೆ. "ಎಷ್ಟು ದಿನದಿಂದ ಹೀಗಿದೆ? ನೋವಿದೆಯಾ? ಡಾಕ್ಟರಿಗೆ ತೋರಿಸಿದ್ದೀರಾ? ಮಾತ್ರೆ, ಮುಲಾಮು ಏನಾದರೂ ನಡೀತಿದೆಯಾ? ಶುಗರ್ ಇದೆಯಾ?" ಇಷ್ಟು ಸಾಕು. ಯಾರಿಂದ ಬಂತು, ಮನೆಯಲ್ಲಿ ಯಾರಿಗಿದೆ, ಗಂಡ ಏನಂತಾರೆ, ಇವೆಲ್ಲ ನಿಮಗೆ ಬೇಡ.

• ಕಾಯಿಲೆಗೆ ನೀವು ಹೆಸರಿಡಬೇಡಿ. "ಇದು ಫಂಗಸ್ಸು" ಎಂದು ಒಂದು ಮಾತು ಅಂದರೆ ಅವರು ನೇರ ಮೆಡಿಕಲ್ ಸ್ಟೋರಿಗೆ ಹೋಗಿ ಟ್ಯೂಬ್ ತರುತ್ತಾರೆ. ಫಂಗಸ್ ಹಿಡಿದ ಉಗುರೂ ಸೋರಿಯಾಸಿಸ್ ಉಗುರೂ ಒಂದೇ ಥರ ಕಾಣುವುದುಂಟು, ಕೆಲವರಲ್ಲಿ ಎರಡೂ ಒಟ್ಟಿಗೇ ಇರುತ್ತವೆ. ಚರ್ಮದ ಡಾಕ್ಟರೇ ಉಗುರಿನ ತುಣುಕು ಪರೀಕ್ಷೆಗೆ ಕಳಿಸಿ ಆಮೇಲೆ ಹೇಳುತ್ತಾರೆ. ನಾವು ಮೇಜಿನ ಈಚೆ ಕೂತು ಹೇಳುವುದಕ್ಕಾಗುವುದಿಲ್ಲ.

ಹೆಸರಿಡಬೇಡಿ ಅಂದೆ ನಿಜ. ಕಣ್ಣು ಮುಚ್ಚಿಕೊಳ್ಳಿ ಅಂತ ಹೇಳಲಿಲ್ಲ. ನಮ್ಮ ಮೇಜಿಗೆ ಹೆಚ್ಚಾಗಿ ಬರುವುದು ಸೋರಿಯಾಸಿಸ್ ಇರುವವರ ಕೈ. ಅದರ ಗುರುತು ತಿಳಿದಿರಲಿ.

• ಉಗುರಿನ ಮೇಲೆ ಗುಂಡುಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ಕುಳಿ. ಉಗುರಿನ ಒಳಗೆ ಎಣ್ಣೆ ಹನಿ ಬಿದ್ದಂಥ ಹಳದಿ ಕೆಂಪು ಕಲೆ. ತುದಿಯಿಂದ ಉಗುರು ಎದ್ದು ಕೆಳಗೆ ಗಾಳಿ ಸೇರಿದ ಬಿಳಿ ಭಾಗ. ಅದರಡಿ ಗಟ್ಟಿ ಪುಡಿ. ಇವುಗಳಲ್ಲಿ ಒಂದೆರಡು ಕಂಡರೆ ಮೊಣಕೈ ಕಡೆ ಒಮ್ಮೆ ನೋಡಿ, ಕಿವಿಯ ಹಿಂದೆ ನೋಡಿ. ಅಲ್ಲಿ ಬೆಳ್ಳಿ ಬಣ್ಣದ ಹೊಟ್ಟು ಏಳುವ ಕೆಂಪು ಮಚ್ಚೆ ಇರಬಹುದು. ತಲೆಯ ಹೊಟ್ಟಿಗೆ ವರ್ಷಗಟ್ಟಲೆ ಶಾಂಪೂ ಬದಲಾಯಿಸುತ್ತಿರುವವರು, ತಲೆಯದೂ ಉಗುರಿನದೂ ಒಂದೇ ಕಾಯಿಲೆ ಇರಬಹುದೆಂದು ಯೋಚಿಸಿಯೇ ಇರುವುದಿಲ್ಲ.

• ಸೋರಿಯಾಸಿಸ್ ಅಂಟುವುದಿಲ್ಲ. ಇದನ್ನು ನೀವು ನಂಬಿ, ನಿಮ್ಮ ಹುಡುಗಿಯರಿಗೂ ಹೇಳಿಕೊಡಿ. ಮುಟ್ಟಿದರೆ ಬರುವುದಿಲ್ಲ, ಒಂದೇ ಟವೆಲ್ ಒರೆಸಿಕೊಂಡರೂ ಬರುವುದಿಲ್ಲ. ಮೈಯೊಳಗಿನ ರಕ್ಷಣೆಯ ವ್ಯವಸ್ಥೆಯೇ ತಪ್ಪು ಹಾದಿ ಹಿಡಿದು, ಚರ್ಮ ವಾರಗಟ್ಟಲೆಯಲ್ಲಿ ಆಗಬೇಕಾದ ಬೆಳವಣಿಗೆಯನ್ನು ಕೆಲವೇ ದಿನಗಳಲ್ಲಿ ಮುಗಿಸಿಬಿಡುತ್ತದೆ. ಈ ಕಾಯಿಲೆ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ಉಗುರಿನಲ್ಲೂ ಅದು ಕಾಣಿಸಿಕೊಳ್ಳುತ್ತದೆ. ಕೈ ತೊಳೆಯದೆ ಬಂದದ್ದಲ್ಲ, ಹಿಂದಿನ ಜನ್ಮದ ಪಾಪವೂ ಅಲ್ಲ.

• ಬೆರಳಿನ ಗಂಟು ಊದಿದೆಯಾ, ಬೆಳಗ್ಗೆ ಎದ್ದಾಗ ಬೆರಳು ಮಡಚುವುದಕ್ಕೆ ಕಷ್ಟವಾಗುತ್ತದೆಯಾ ಎಂದು ಮರೆಯದೆ ಕೇಳಿ. ಉಗುರಿಗೆ ಸೋರಿಯಾಸಿಸ್ ಬಂದವರಿಗೆ ಅದು ಕೀಲಿಗೂ ಇಳಿಯುವ ಸಾಧ್ಯತೆ ಹೆಚ್ಚು. ಕೀಲು ಒಮ್ಮೆ ಸವೆದರೆ ಮತ್ತೆ ಮೊದಲಿನಂತಾಗುವುದಿಲ್ಲ. "ವಯಸ್ಸಾಯ್ತಲ್ಲ, ನೋವು ಇದ್ದಿದ್ದೇ" ಎಂದು ಅವರಂದರೂ ನೀವು ಬಿಡಬೇಡಿ, ಈ ವಾರವೇ ತೋರಿಸಿ ಅನ್ನಿ. ನಾವು ಅವರ ಬೆರಳನ್ನು ಅರ್ಧ ಗಂಟೆ ಹಿಡಿದುಕೊಂಡಿರುತ್ತೇವೆ. ಮನೆಯವರೂ ಅಷ್ಟು ಹೊತ್ತು ಹಿಡಿದಿರುವುದಿಲ್ಲ.

• ಉಗುರು ತೆಳ್ಳಗಾಗಿ, ಉದ್ದುದ್ದ ಗೆರೆ ಎದ್ದು ಸೀಳುತ್ತಿದ್ದರೆ, ಬುಡದ ಚರ್ಮ ಉಗುರಿನ ಮೇಲೆ ಮುಂದೆ ಮುಂದೆ ಬೆಳೆದು ಅಂಟಿಕೊಳ್ಳುತ್ತಿದ್ದರೆ ಬೇಗ ಡಾಕ್ಟರ ಹತ್ತಿರ ಕಳಿಸಿ. ಲೈಕೆನ್ ಪ್ಲಾನಸ್ ಎನ್ನುವ ಕಾಯಿಲೆಯಲ್ಲಿ ಹೀಗಾಗುತ್ತದೆ. ತಡ ಮಾಡಿದರೆ ಆ ಬೆರಳಿನ ಉಗುರು ಶಾಶ್ವತವಾಗಿ ಹೋಗಿಬಿಡಬಹುದು.

• ಇಸುಬು ಇರುವ ಕೈಯಲ್ಲಿ ಉಗುರಿಗೆ ಅಡ್ಡಡ್ಡ ಅಲೆ ಏಳುತ್ತದೆ. ಬುಡದ ಚರ್ಮ ಕೆರಳಿದ ಹಾಗೆಲ್ಲ ಉಗುರು ಬೆಳೆಯುವುದೂ ಏರುಪೇರಾಗುತ್ತದೆ. ಕೈಯ ಇಸುಬು ಹಿಡಿತಕ್ಕೆ ಬಂದರೆ ಉಗುರೂ ಸುಧಾರಿಸುತ್ತದೆ.

ಇನ್ನು ಕೆಲಸಕ್ಕೆ ಬನ್ನಿ. ಗಾಯ ಇಲ್ಲ, ಕೀವು ಇಲ್ಲ, ನೋವಿಲ್ಲ ಎಂದಾದರೆ ಮೆನಿಕ್ಯೂರ್ ಖಂಡಿತ ಮಾಡಿಕೊಡಿ. ಬೇಡ ಎಂದು ವಾಪಸ್ ಕಳಿಸುವುದೇನೂ ಬೇಕಿಲ್ಲ, ಆದರೆ ಹೀಗೆ ಮಾಡಿ.

• ನೀರಿನಲ್ಲಿ ಬಹಳ ಹೊತ್ತು ನೆನೆಸಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಮೂರು ನಿಮಿಷ ಸಾಕು, ಅದೂ ಇಲ್ಲದೆ ಒದ್ದೆ ಬಟ್ಟೆಯಲ್ಲಿ ಒರೆಸಿದರೂ ನಡೆಯುತ್ತದೆ. ನೆಂದ ಉಗುರು ಉಬ್ಬಿ ಮೆತ್ತಗಾಗುತ್ತದೆ, ಎದ್ದ ತುದಿಯ ಕೆಳಗೆ ನೀರು ನಿಂತು ಒಣಗುವುದೇ ಇಲ್ಲ.

• ಉಗುರಿನ ಕೆಳಗಿನ ಬಿಳಿ ಪುಡಿಯನ್ನು ಕೆರೆಯಬೇಡಿ. ದೊಡ್ಡ ಅಕ್ಷರದಲ್ಲಿ ಬರೆದು ಕನ್ನಡಿಗೆ ಅಂಟಿಸಿಕೊಂಡರೂ ಸರಿ. ಅದು ಕೊಳೆಯಲ್ಲ, ಅಲ್ಲೇ ಬೆಳೆದ ಚರ್ಮ. ಚೂಪು ಕಡ್ಡಿ ಹಾಕಿ ತೆಗೆದಷ್ಟೂ ಉಗುರು ಹಾಸಿನಿಂದ ಮತ್ತಷ್ಟು ಬಿಡುತ್ತಾ ಹೋಗುತ್ತದೆ. ಇವತ್ತು ಕಾಲುಭಾಗ ಎದ್ದಿದ್ದ ಉಗುರು ಮುಂದಿನ ಸಲ ಬರುವಾಗ ಅರ್ಧ ಎದ್ದಿರುತ್ತದೆ. ಅವರೇ "ಸ್ವಲ್ಪ ಚೊಕ್ಕ ಮಾಡಿ, ಊಟಕ್ಕೆ ಕೂತಾಗ ನಾಚಿಕೆಯಾಗುತ್ತೆ" ಅಂತ ಕೇಳುತ್ತಾರೆ. ಹೊರಗೆ ಕಾಣುವಷ್ಟನ್ನು ಮೆತ್ತನೆಯ ಬ್ರಷ್‌ನಿಂದ ಮೇಲ್ಮೇಲಷ್ಟೇ ತೊಳೆದು, "ಒಳಗೆ ಕೈ ಹಾಕಿದರೆ ಜಾಸ್ತಿಯಾಗುತ್ತೆ ರೀ" ಎಂದು ಹೇಳಿ.

• ಉಗುರನ್ನು ಗಿಡ್ಡ ಕತ್ತರಿಸಿ. ಎದ್ದ ಉಗುರು ಉದ್ದ ಬಿಟ್ಟರೆ ಸೀರೆಯ ಜರಿಗೆ, ಕೂದಲಿಗೆ, ಚೀಲದ ಜಿಪ್ಪಿಗೆ ಸಿಕ್ಕಿಕೊಳ್ಳುತ್ತದೆ. ಒಂದು ಸಲ ಎಳೆದರೆ ಬುಡದವರೆಗೆ ಬಿಡುತ್ತದೆ. ದಪ್ಪ ಉಗುರನ್ನು ಒಂದೇ ಏಟಿಗೆ ಕತ್ತರಿಸಬೇಡಿ, ತುದಿಯಿಂದ ಚೂರು ಚೂರೇ ತೆಗೆಯಿರಿ, ಇಲ್ಲದಿದ್ದರೆ ಸೀಳುತ್ತದೆ.

• ಫೈಲ್ ಒಂದೇ ದಿಕ್ಕಿಗೆ ಎಳೆಯಿರಿ. ಹಿಂದೆ ಮುಂದೆ ಉಜ್ಜಿದರೆ ಪದರ ಬಿಡುತ್ತದೆ. ಇಂಥ ಉಗುರಿಗೆ 240 ನಂಬರಿನ ನುಣುಪು ಫೈಲ್ ಇಟ್ಟುಕೊಳ್ಳಿ, 100ರ ಒರಟು ಫೈಲ್ ಮುಟ್ಟಬೇಡಿ.

• ಬುಡದ ಚರ್ಮ, ನೀವು ಕ್ಯೂಟಿಕಲ್ ಅನ್ನುತ್ತೀರಲ್ಲ, ಅದನ್ನು ತಳ್ಳಲೂ ಬೇಡಿ, ಕತ್ತರಿಸಲೂ ಬೇಡಿ. ಕೆಳಗೆ ನೀರು, ರೋಗಾಣು ಇಳಿಯದಂತೆ ಮುಚ್ಚಿರುವುದೇ ಅದು. ಸೋರಿಯಾಸಿಸ್ ಇರುವವರಲ್ಲಿ ಇನ್ನೂ ಒಂದು ತೊಂದರೆ ಇದೆ: ಚರ್ಮಕ್ಕೆ ಎಲ್ಲಿ ಪೆಟ್ಟು ಬೀಳುತ್ತದೋ ಅಲ್ಲೇ ಹೊಸ ಮಚ್ಚೆ ಏಳಬಹುದು. ಕೋಬ್ನರ್ ಎಂಬ ಜರ್ಮನ್ ವೈದ್ಯರು 1870ರ ದಶಕದಲ್ಲೇ ಇದನ್ನು ಗಮನಿಸಿದ್ದರು, ಇವತ್ತಿಗೂ ಡಾಕ್ಟರುಗಳು ಅವರ ಹೆಸರಿನಲ್ಲೇ ಕರೆಯುತ್ತಾರೆ. ನಿಮ್ಮ ಪುಶರ್ ಒತ್ತಿದ ಜಾಗ ಹತ್ತು ಹದಿನೈದು ದಿನಕ್ಕೆ ಕೆಂಪಾಗಿ ಎದ್ದರೆ ಅವರಿಗೆ ಕಾರಣವೇ ತಿಳಿಯುವುದಿಲ್ಲ.

• ಕುಳಿ ಮುಚ್ಚಲೆಂದು ಬಫರ್ ಹಾಕಿ ಉಜ್ಜಬೇಡಿ. ಕೈಯುಗುರಿನ ದಪ್ಪವೇ ಸುಮಾರು ಅರ್ಧ ಮಿಲಿಮೀಟರ್. ಅದರಲ್ಲೂ ಕುಳಿ ಬಿದ್ದಿರುವಾಗ ಉಜ್ಜಿ ಉಳಿಸುವುದೇನು?

• ಬಣ್ಣ ಹಚ್ಚಬಹುದು. ಎಷ್ಟೋ ಜನ ಹಚ್ಚಬಾರದು ಎಂದುಕೊಂಡು ಕೊರಗುತ್ತಾರೆ. ಸಾಮಾನ್ಯ ನೇಲ್ ಪಾಲಿಶ್‌ನಿಂದ ಕೇಡಿಲ್ಲ. ಮೊದಲು ಗೆರೆ ತುಂಬುವ ಬೇಸ್ ಕೋಟ್ ಒಂದು ಕೈ ಹಚ್ಚಿ, ಒಣಗಿದ ಮೇಲೆ ಚರ್ಮದ ಬಣ್ಣಕ್ಕೆ ಹತ್ತಿರದ ತಿಳಿಗುಲಾಬಿಯನ್ನೋ ಮಣ್ಣಿನ ಬಣ್ಣವನ್ನೋ ಹಚ್ಚಿ. ಹೊಳಪಿನ ಗಾಢ ಬಣ್ಣದಲ್ಲಿ ಪ್ರತಿ ಕುಳಿಯೂ ಎದ್ದು ಕಾಣುತ್ತದೆ, ಮಂದ ಬಣ್ಣದಲ್ಲಿ ಕಾಣುವುದಿಲ್ಲ. ಬಣ್ಣ ಹಚ್ಚಿದ ಮೇಲೆ ಅವರು ಕೈ ಮುಂದೆ ಚಾಚಿ ನೋಡಿಕೊಳ್ಳುತ್ತಾರಲ್ಲ, ಆ ಖುಷಿಯನ್ನು ನಾವು ಕಿತ್ತುಕೊಳ್ಳುವುದು ಬೇಡ.

• ಬಣ್ಣ ತೆಗೆಯುವುದಕ್ಕೆ ಅಸಿಟೋನ್ ಇಲ್ಲದ ರಿಮೂವರ್ ಬಳಸಿ. ಹತ್ತಿಯ ಮೇಲೆ ನಾಲ್ಕು ಹನಿ ಹಾಕಿ ಉಗುರಿನ ಮೇಲೆ ಸ್ವಲ್ಪ ಹೊತ್ತು ಇಟ್ಟು ಒರೆಸಿ. ಬಾಟಲಿ ಬೋರಲು ಹಾಕಿ ಕೈಯೆಲ್ಲ ತೋಯಿಸಿದರೆ ನಿಮ್ಮ ರಿಮೂವರೂ ಖಾಲಿ, ಅವರ ಉಗುರೂ ಒಣಕಲು.

• ಜೆಲ್, ಅಕ್ರಿಲಿಕ್, ಅಂಟಿಸುವ ಉದ್ದ ಉಗುರು ಇವರಿಗೆ ಬೇಡ. ದುಡ್ಡು ಬರುವ ಕೆಲಸ, ನನಗೂ ಗೊತ್ತು. ಆದರೆ ಹಚ್ಚುವ ಮೊದಲು ಉಗುರನ್ನು ಕೆರೆಯಬೇಕು, ತೆಗೆಯುವಾಗ ಅಸಿಟೋನಿನಲ್ಲಿ ಹತ್ತು ಹದಿನೈದು ನಿಮಿಷ ನೆನೆಸಬೇಕು, ಉದ್ದ ಇದ್ದದ್ದಕ್ಕೆ ಉಗುರು ಹಾಸಿನಿಂದ ಇನ್ನಷ್ಟು ಏಳಬಹುದು. ಕೆಳಗೆ ತೇವ ಕೂತರೆ ಹೊರಗಿಂದ ಕಾಣುವುದೂ ಇಲ್ಲ. ಅದರಲ್ಲಿರುವ ಅಕ್ರಿಲೇಟ್ ಕೆಲವರಿಗೆ ಅಲರ್ಜಿ, ಒಮ್ಮೆ ಹತ್ತಿಕೊಂಡರೆ ಜನ್ಮಪೂರ್ತಿ ಬಿಡದು. ಮುಂದೆ ಹಲ್ಲಿನ ಡಾಕ್ಟರ ಹತ್ತಿರವೂ ತೊಂದರೆ, ಯಾಕೆಂದರೆ ಅಲ್ಲೂ ಇಂಥದ್ದೇ ವಸ್ತು ಬಳಸುತ್ತಾರೆ. ಬಿಸಿಲಿಗೆ ಚರ್ಮ ಸೂಕ್ಷ್ಮವಾಗುವಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಯುವಿ ಲ್ಯಾಂಪಿನ ಕೆಳಗೆ ಕೈ ಇಡಿಸುವುದೂ ಸರಿಯಲ್ಲ.

• ಕೈ ತಿಕ್ಕುವಾಗ ವಾಸನೆಯಿಲ್ಲದ ಸಾದಾ ಕ್ರೀಮ್ ಬಳಸಿ, ಬಿರುಕಿದ್ದಲ್ಲಿ ಬಿಟ್ಟು ತಿಕ್ಕಿ. ನಿಂಬೆಹಣ್ಣು, ಸಕ್ಕರೆ, ಅಡುಗೆ ಸೋಡಾ, ಬ್ಲೀಚ್ ಇವೆಲ್ಲ ಆ ಚರ್ಮಕ್ಕೆ ಉರಿ.

• ಮದುಮಗಳಾದರೆ ಮೆಹೆಂದಿಯ ಮಾತು ಬಂದೇ ಬರುತ್ತದೆ. ಸಾದಾ ಗೋರಂಟಿಯನ್ನು ಗಟ್ಟಿ ಚರ್ಮದ ಮೇಲೆ ಹಚ್ಚಿಕೊಳ್ಳಲಿ, ಸುಲಿದ ಜಾಗ, ಉಗುರಿನ ಬುಡ ಬಿಡಲಿ. ಬೇಗ ಕಪ್ಪಾಗುವ ಮೆಹೆಂದಿ ಕೋನ್ ಮಾತ್ರ ಬೇಡವೇ ಬೇಡ. ಅದಕ್ಕೆ ಕೂದಲಿನ ಬಣ್ಣದ ರಾಸಾಯನಿಕ ಬೆರೆಸಿರುವುದುಂಟು, ಒಳ್ಳೆಯ ಚರ್ಮವೇ ಗುಳ್ಳೆ ಏಳುತ್ತದೆ. ಮದುವೆಗೆ ಎರಡು ಮೂರು ತಿಂಗಳು ಮೊದಲೇ ಡಾಕ್ಟರಿಗೆ ತೋರಿಸಲಿ ಎಂದು ಅವರ ಅಮ್ಮನ ಕಿವಿಗೆ ಹಾಕಿ.

• ಎಷ್ಟು ಎಚ್ಚರ ವಹಿಸಿದರೂ ರಕ್ತ ಬಂದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಶುದ್ಧ ಹತ್ತಿ ಒತ್ತಿ ಹಿಡಿಯಿರಿ, ತೊಳೆದು ಆಂಟಿಸೆಪ್ಟಿಕ್ ಹಚ್ಚಿ. ಅದರ ಮೇಲೆ ಪಾಲಿಶ್ ಹಚ್ಚಿ ಮುಚ್ಚಬೇಡಿ. ಸೋರಿಯಾಸಿಸ್‌ಗೆ ಕೆಲವರು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುತ್ತಿರುತ್ತಾರೆ, ಅವರಿಗೆ ಸಣ್ಣ ಗಾಯವೂ ಕೀವಾಗಬಹುದು. ಶುಗರ್ ಇದ್ದವರಿಗೂ ಅಷ್ಟೇ, ಅದರಲ್ಲೂ ಕಾಲಿಗೆ.

ಕೆಲವು ಕೈಗಳನ್ನು ಮಾತ್ರ ಮುಟ್ಟದೆ, ಮರ್ಯಾದೆಯಿಂದ, ಡಾಕ್ಟರ ಹತ್ತಿರ ಕಳಿಸಬೇಕು. "ಇವತ್ತು ಮಾಡಿದರೆ ನಿಮಗೆ ನೋವು ಜಾಸ್ತಿಯಾಗುತ್ತೆ, ತೋರಿಸಿಕೊಂಡು ಬನ್ನಿ, ಆಮೇಲೆ ನಾನೇ ಮಾಡಿಕೊಡ್ತೀನಿ" ಎಂದರೆ ಯಾರಿಗೂ ಬೇಜಾರಾಗುವುದಿಲ್ಲ.

• ಉಗುರುಸುತ್ತು. ಬುಡ ಕೆಂಪಗೆ ಊದಿ ಟಕಟಕ ನೋಯುತ್ತಿದ್ದರೆ ಪಿನ್ನು ಚುಚ್ಚಿ ಕೀವು ತೆಗೆಯುವ ಸಾಹಸ ಬೇಡ. ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಸಿಕ್ಕಿಸಿಕೊಂಡು ಬಂದವರನ್ನು ನೀವೂ ನೋಡಿರುತ್ತೀರಿ. ಕೀವು ಕಟ್ಟಿದ ಮೇಲೆ ಅದರಿಂದ ಆಗುವುದೇನಿಲ್ಲ, ಡಾಕ್ಟರೇ ಬೇಕು. ನೋವು ಕಡಿಮೆ ಇದ್ದು ತಿಂಗಳುಗಟ್ಟಲೆ ಬುಡ ಊದಿಕೊಂಡೇ ಇದ್ದರೆ ಅದು ದಿನವಿಡೀ ಪಾತ್ರೆ, ಬಟ್ಟೆ, ಕೊಟ್ಟಿಗೆ ಎಂದು ನೀರಿನಲ್ಲೇ ಇರುವ ಕೈ. ಬುಡದ ಚರ್ಮ ಕಳೆದುಹೋಗಿ ಒಳಗೆ ತೇವ ಇಳಿದಿರುತ್ತದೆ.

• ಎದ್ದ ಉಗುರಿನ ಕೆಳಗೆ ಹಸಿರು ಬಣ್ಣ. ತೇವದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದು. ಮೇಲೆ ಬಣ್ಣ ಹಚ್ಚಿ ಮುಚ್ಚಿದರೆ ಅದಕ್ಕೇ ಅನುಕೂಲ.

• ಉಗುರಿನ ಸುತ್ತ ನರಹುಲಿ, ಕೈ ಮೇಲೆ ಹುಳುಕಡ್ಡಿ, ಬೆರಳ ಸಂದಿಯಲ್ಲಿ ರಾತ್ರಿ ಹೊತ್ತು ತುರಿಸುವ ಕಜ್ಜಿ. ಈ ಮೂರೂ ಅಂಟುತ್ತವೆ. ನರಹುಲಿಯನ್ನು ಫೈಲಿನಲ್ಲಿ ಉಜ್ಜಿದರೆ ಪಕ್ಕದ ಬೆರಳಿಗೂ ಹಬ್ಬುತ್ತದೆ.

• ಒಂದೇ ಒಂದು ಉಗುರಿನಲ್ಲಿ, ಹೆಚ್ಚಾಗಿ ಕೈಯ ಅಥವಾ ಕಾಲಿನ ಹೆಬ್ಬೆರಳಿನಲ್ಲಿ, ಹೊಸದಾಗಿ ಬಂದ ಕಪ್ಪು ಪಟ್ಟಿ. ನಮ್ಮ ಮೈಬಣ್ಣದವರಿಗೆ ಹಲವು ಉಗುರುಗಳಲ್ಲಿ ತಿಳಿಗಂದು ಗೆರೆ ಇರುವುದು ಸಹಜ, ಅದಕ್ಕೆ ಹೆದರಿಸಬೇಡಿ. ಆದರೆ ಒಂದೇ ಗೆರೆ ದಿನೇ ದಿನೇ ಅಗಲವಾಗುತ್ತಿದ್ದರೆ, ಕಪ್ಪು ಬಣ್ಣ ಬುಡದ ಚರ್ಮಕ್ಕೂ ಹರಡಿದ್ದರೆ ತಡ ಮಾಡದೆ ತೋರಿಸಲು ಹೇಳಿ. ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿರುವುದುಂಟು. ಆ ಪದವನ್ನು ನೀವು ಉಚ್ಚರಿಸಬೇಡಿ, ಬೇಗ ಹೋಗಿ ಎಂದಷ್ಟೇ ಹೇಳಿ.

• ಬಿಸಿನೀರು ಕೈಗೆ ಬಿಸಿ ಅನ್ನಿಸುತ್ತಿಲ್ಲ, ಫೈಲು ತಾಗಿದ್ದು ಗೊತ್ತಾಗುತ್ತಿಲ್ಲ, ಪಕ್ಕದಲ್ಲಿ ಸ್ಪರ್ಶವಿಲ್ಲದ ಬಿಳಚಿದ ಮಚ್ಚೆ ಇದೆ ಎಂದರೆ ಸರ್ಕಾರಿ ಆಸ್ಪತ್ರೆಗೆ ಕಳಿಸಿ. ಕುಷ್ಠ ಇದ್ದರೂ ಇವತ್ತು ಅದಕ್ಕೆ ಪೂರ್ತಿ ಗುಣವಾಗುವ ಔಷಧ ಅಲ್ಲಿ ಉಚಿತವಾಗಿ ಸಿಗುತ್ತದೆ. ಬೇಗ ಹೋದವರ ಬೆರಳು ಉಳಿಯುತ್ತದೆ.

ಸಾಮಾನು ತೊಳೆಯುವ ವಿಷಯದಲ್ಲಿ ನೀವೆಲ್ಲ ಸೋಮಾರಿಗಳು, ಅದಕ್ಕೇ ಸ್ವಲ್ಪ ಬಿಗಿಯಾಗಿ ಹೇಳುತ್ತೇನೆ. ಯಾವುದು ಅಂಟುವ ಉಗುರು, ಯಾವುದು ಅಂಟದ ಉಗುರು ಎಂದು ನಮ್ಮ ಕಣ್ಣಿಗೆ ತಿಳಿಯುವುದಿಲ್ಲವಾದ್ದರಿಂದ ಎಲ್ಲರ ಸಾಮಾನನ್ನೂ ಒಂದೇ ರೀತಿ ತೊಳೆಯಬೇಕು.

• ಕಟ್ಟರ್, ನಿಪ್ಪರ್ ಮೊದಲು ಸೋಪು ನೀರಿನಲ್ಲಿ ಬ್ರಷ್ ಹಾಕಿ ಉಜ್ಜಿ. ಆಮೇಲೆ 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಕನಿಷ್ಠ ಹತ್ತು ನಿಮಿಷ ಮುಳುಗಿಸಿಡಿ. ಕೊಳೆ ಹಾಗೇ ಇದ್ದರೆ ಔಷಧ ಒಳಗೆ ಇಳಿಯುವುದಿಲ್ಲ. 99 ಪರ್ಸೆಂಟ್ ಇದ್ದರೆ ಇನ್ನೂ ಒಳ್ಳೆಯದೆಂದು ಜಾಸ್ತಿ ದುಡ್ಡು ಕೊಡಬೇಡಿ. ಸ್ವಲ್ಪ ನೀರು ಬೆರೆತದ್ದೇ ರೋಗಾಣುವನ್ನು ಚೆನ್ನಾಗಿ ಕೊಲ್ಲುತ್ತದೆ. ರಕ್ತ ತಾಗಿದ ಸಾಮಾನಿಗೆ ಮಾತ್ರ ಇಷ್ಟು ಸಾಲದು, ಅದನ್ನು ಬೇರೆ ಇಟ್ಟು ಆಟೋಕ್ಲೇವ್ ಮಾಡಿಸಿ.

• ಬಿಸಿನೀರಿಗೆ ಎರಡು ಹನಿ ಆಂಟಿಸೆಪ್ಟಿಕ್ ಹಾಕಿ ಅದ್ದಿ ತೆಗೆದರೆ ವಾಸನೆ ಬರುತ್ತದೆ, ಶುದ್ಧ ಆಗುವುದಿಲ್ಲ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದ ಕಲೆಯಲ್ಲಿ ಏಳು ದಿನ ಜೀವಂತ ಇರುತ್ತದೆ. ನೀಲಿ ದೀಪದ ಪೆಟ್ಟಿಗೆ ಇದೆಯಲ್ಲ, ಅದು ತೊಳೆದ ಸಾಮಾನು ಇಡುವುದಕ್ಕೆ, ತೊಳೆಯದ್ದನ್ನು ಇಟ್ಟರೆ ಶುದ್ಧವಾಗದು. ನೀವೂ ನಿಮ್ಮ ಹುಡುಗಿಯರೂ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಿ.

• ಫೈಲ್, ಬಫರ್, ಮರದ ಕಡ್ಡಿ ತೊಳೆದು ಶುದ್ಧ ಮಾಡುವಂಥವಲ್ಲ. ಖರ್ಚು ಉಳಿಸಬೇಕಾದರೆ ಉದ್ದ ಫೈಲನ್ನು ಮೂರು ತುಂಡು ಮಾಡಿಟ್ಟುಕೊಳ್ಳಿ, ಒಬ್ಬರಿಗೆ ಒಂದು ತುಂಡು, ಕೆಲಸ ಮುಗಿದ ಮೇಲೆ ಅವರಿಗೇ ಕೊಟ್ಟು ಕಳಿಸಿ. ಖಾಯಂ ಬರುವವರದಾದರೆ ಕಾಗದದ ಕವರಿಗೆ ಹೆಸರು ಬರೆದು ಇಡಿ. ಪ್ಲಾಸ್ಟಿಕ್ ಕವರ್ ಬೇಡ, ತೇವ ಕೂರುತ್ತದೆ.

• ಕೆಟ್ಟ ಉಗುರಿಗೆ ತಾಗಿದ ಬ್ರಷ್ ತಿರುಗಿ ಪಾಲಿಶ್ ಬಾಟಲಿಗೆ ಅದ್ದಬೇಡಿ. ನಾಲ್ಕು ಹನಿ ಫಾಯಿಲ್ ಚೂರಿನ ಮೇಲೆ ಸುರಿದುಕೊಂಡು ಬಿಸಾಡುವ ಬ್ರಷ್‌ನಿಂದ ಹಚ್ಚಿ. ಅವರದೇ ಬಾಟಲಿ ತರಲು ಹೇಳಿದರೆ ಇನ್ನೂ ಸುಲಭ.

• ಟಬ್ಬಿಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಒಬ್ಬರಿಗೆ ಒಂದು. ಟವೆಲ್ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ, ಮಳೆಗಾಲದಲ್ಲಿ ಅರೆಬರೆ ಒಣಗಿದ್ದನ್ನು ಮಡಚಿಡಬೇಡಿ.

ಕೆಲಸ ಮುಗಿದ ಮೇಲೆ ಎರಡು ಮಾತು ಹೇಳಿ ಕಳಿಸಿ. ಅವರು ನೆನಪಿಟ್ಟುಕೊಳ್ಳುವುದು ಇದನ್ನೇ.

• ಪಾತ್ರೆ ತೊಳೆಯುವಾಗ ರಬ್ಬರ್ ಗ್ಲೌಸ್, ಅದರೊಳಗೆ ಹತ್ತಿಯ ಗ್ಲೌಸ್ ಹಾಕಿಕೊಳ್ಳಲಿ. ಬರೀ ರಬ್ಬರ್ ಆದರೆ ಒಳಗೆ ಬೆವರಿ ಅದೂ ತೇವವೇ.

• ಡಬ್ಬಿ ಮುಚ್ಚಳ ಎಬ್ಬಿಸಲು, ಸ್ಟಿಕ್ಕರ್ ಕೀಳಲು, ಹುಣಸೆಹಣ್ಣು ಬಿಡಿಸಲು ಉಗುರು ಹಾಕುವುದು ಬಿಡಲಿ. ಚಮಚ ಇರುವುದು ಯಾತಕ್ಕೆ?

• ರಾತ್ರಿ ಮಲಗುವಾಗ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಬುಡಕ್ಕೆ ಹಚ್ಚಿಕೊಳ್ಳಲಿ, ಡಾಕ್ಟರು ಮುಲಾಮು ಕೊಟ್ಟಿದ್ದರೆ ಮೊದಲು ಅದು. ದುಬಾರಿ ನೇಲ್ ಸೀರಮ್ ಮಾರಲು ಹೋಗಬೇಡಿ, ಈ ಉಗುರಿಗೆ ಅದರಿಂದ ಗುಣವಿಲ್ಲ.

• ಬಯೋಟಿನ್ ಮಾತ್ರೆಯನ್ನೂ ಸುಮ್ಮನೆ ಹೇಳಬೇಡಿ. ಅದನ್ನು ನುಂಗುತ್ತಿದ್ದರೆ ಥೈರಾಯ್ಡ್ ರಕ್ತಪರೀಕ್ಷೆಯ ಲೆಕ್ಕವೇ ತಪ್ಪಾಗಿ ಬರಬಹುದು.

• ಮೆಡಿಕಲ್ ಸ್ಟೋರಿನ ಮಿಶ್ರ ಮುಲಾಮು ಹೇಳಲೇಬೇಡಿ. ಅದರಲ್ಲಿ ಸ್ಟಿರಾಯ್ಡ್ ಇರುತ್ತದೆ. ಹುಳುಕಡ್ಡಿಗೆ ಹಚ್ಚಿದರೆ ಮೊದಲು ತುರಿಕೆ ಕಡಿಮೆಯಾಗಿ ಆಮೇಲೆ ಮೈತುಂಬ ಹರಡುತ್ತದೆ.

• ಡಾಕ್ಟರ ಹತ್ತಿರ ಹೋಗುವ ದಿನ ಪಾಲಿಶ್ ಇರಬಾರದು, ಉಗುರು ಬುಡಕ್ಕೆ ಕತ್ತರಿಸಿರಬಾರದು. ಪರೀಕ್ಷೆಗೆ ತುಣುಕು ಬೇಕು. ಚರ್ಮರೋಗ ವಿಭಾಗ ಜಿಲ್ಲಾಸ್ಪತ್ರೆಯಲ್ಲೂ ಇರುತ್ತದೆ ಎಂದು ಹೇಳಿ. ಖರ್ಚಿಗೆ ಹೆದರಿ ವರ್ಷಗಟ್ಟಲೆ ಸುಮ್ಮನಿರುವವರೇ ಜಾಸ್ತಿ.

• ಬೇಗ ಸರಿಹೋಗುತ್ತದೆಂದು ಮಾತು ಕೊಡಬೇಡಿ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಬುಡದಿಂದ ತುದಿಗೆ ಬರಲು ಆರು ತಿಂಗಳು. ಕಾಲಿನ ಹೆಬ್ಬೆರಳಿನದಕ್ಕೆ ಒಂದು ವರ್ಷಕ್ಕೂ ಹೆಚ್ಚು. ಇದನ್ನು ಮೊದಲೇ ಹೇಳಿದರೆ ಅವರು ಎರಡನೇ ತಿಂಗಳಿಗೇ ಬೇಸತ್ತು ಔಷಧ ಬಿಡುವುದಿಲ್ಲ.

• ಪಕ್ಕದಲ್ಲಿ ಕೂತವರು "ಅಂಟುತ್ತಾ?" ಎಂದು ಕಣ್ಣಲ್ಲೇ ಕೇಳಿದರೆ, "ನಮ್ಮಲ್ಲಿ ಒಬ್ಬರ ಸಾಮಾನು ಇನ್ನೊಬ್ಬರಿಗೆ ಹಾಕುವುದಿಲ್ಲ" ಎಂದು ಹೇಳಿ ಮಾತು ಬದಲಾಯಿಸಿ. ಅವರ ಕಾಯಿಲೆಯ ವಿಷಯ ಹೇಳುವ ಹಕ್ಕು ನಿಮಗಿಲ್ಲ.

• ಮಾಡಿದ ಕೆಲಸಕ್ಕೆ ಮಾತ್ರ ದುಡ್ಡು ತೆಗೆದುಕೊಳ್ಳಿ. ಕೆಟ್ಟ ಉಗುರೆಂದು ಜಾಸ್ತಿಯೂ ಬೇಡ, ಪಾಪ ಎಂದು ಬಿಟ್ಟಿಯೂ ಬೇಡ, ಬಿಟ್ಟಿ ಮಾಡಿಕೊಟ್ಟರೆ ಮತ್ತೆ ಬರಲು ಅವರಿಗೆ ಸಂಕೋಚ.

• ಪುಸ್ತಕದಲ್ಲಿ ಎರಡು ಸಾಲು ಬರೆದಿಡಿ: ಯಾವ ಬೆರಳು, ಎಷ್ಟು ಎದ್ದಿದೆ, ಏನು ಹಚ್ಚಿದಿರಿ, ಯಾವುದು ಉರಿಯಿತು. ಮುಂದಿನ ಸಲ ನಿಮ್ಮ ಬದಲು ಬೇರೆ ಹುಡುಗಿ ಕೂತರೂ ಅವರು ಎಲ್ಲವನ್ನೂ ಮೊದಲಿಂದ ಹೇಳಬೇಕಾಗುವುದಿಲ್ಲ.

• ಇಷ್ಟೆಲ್ಲ ಅವರ ಕೈ ನೋಡುವಾಗ ನಿಮ್ಮ ಕೈ ಮರೆಯಬೇಡಿ. ದಿನಾ ರಿಮೂವರ್, ಸೋಪು, ಜೆಲ್ಲಿನ ಧೂಳು ಮುಟ್ಟುವ ನಿಮಗೇ ಇಸುಬು ಬರುವುದು ಹೆಚ್ಚು. ಬೆರಳ ತುದಿ ಬಿರಿದು ಉರಿಯುತ್ತಿದ್ದರೆ ಜೆಲ್ ಕೆಲಸ ನಿಲ್ಲಿಸಿ ನೀವೂ ತೋರಿಸಿಕೊಳ್ಳಿ. ನೀರಿನ ಕೆಲಸಕ್ಕೆ ಮುಂಚೆ ಉಂಗುರ ತೆಗೆದಿಡಿ, ಅದರಡಿ ಉಳಿದ ಸೋಪೇ ಮೊದಲ ತುರಿಕೆ ಎಬ್ಬಿಸುವುದು.